ಪೇಸ್ಟ್ ಸಿಡಿದದ್ದು ಎಂದುಕೊಂಡೆವು

ಮೊದಲು ಅದು ಒಂದು ಗುಳ್ಳೆ. ಅಷ್ಟೇ.

ಬಲಗೆನ್ನೆಯ ಮೇಲೆ, ಕಣ್ಣಿನಿಂದ ಎರಡು ಬೆರಳು ಕೆಳಗೆ. ಸೊಳ್ಳೆ ಕಚ್ಚಿದರೆ ಏಳುವಷ್ಟು ದಪ್ಪ. ತುರಿಸಲಿಲ್ಲ. ನೋಯಲಿಲ್ಲ. ನೋವು ಕೊಟ್ಟಿದ್ದರೆ ಆವತ್ತೇ ಅದರ ಕಡೆ ನೋಡುತ್ತಿದ್ದೆನೋ ಏನೋ. ನೋಯದ ಯಾವುದನ್ನೂ ನಮ್ಮ ಊರಲ್ಲಿ ಯಾರೂ ರೋಗವೆಂದು ಒಪ್ಪುವುದಿಲ್ಲ.

ಆಗ ಕಾಗವಾಡದ ಸುತ್ತ ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರ್ ಛಾಟಣಿ ನಡೆದಿತ್ತು. ಬಳ್ಳಿ ಕತ್ತರಿಸಿದ ಮೇಲೆ ಉಳಿದ ಕಡ್ಡಿಗಳ ಪ್ರತಿಯೊಂದು ಕಣ್ಣಿಗೂ ಒಂದು ಔಷಧ ಒರೆಸಬೇಕು, ಎಲ್ಲ ಕಣ್ಣೂ ಒಂದೇ ಸಲ ಚಿಗುರಲಿ ಎಂದು. ಹಚ್ಚಿದ್ದು ಯಾವುದು, ಬಿಟ್ಟದ್ದು ಯಾವುದು ತಿಳಿಯಲೆಂದು ಅದಕ್ಕೆ ಬಣ್ಣ ಬೆರೆಸಿರುತ್ತಾರೆ. ಇಲ್ಲಿ ಎಲ್ಲರೂ ಅದನ್ನು ಪೇಸ್ಟ್ ಎನ್ನುತ್ತಾರೆ. ಮೈಗೆ ತಗುಲಿದರೆ ಸುಡುತ್ತದೆ, ಬೊಕ್ಕೆ ಏಳುತ್ತದೆ, ಚರ್ಮ ಸುಲಿದು ಕಪ್ಪಾಗುತ್ತದೆ. ನನ್ನ ಅತ್ತೆ ಹೆಂಗಸರ ಟೋಳಿ ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗಿ ಪೇಸ್ಟ್ ಹಚ್ಚಿಸುವವರು. ಮಾವ ತೀರಿಕೊಂಡ ಮೇಲೆ ಮನೆ ನಡೆಸಿದ್ದು, ಮಗನನ್ನು ಓದಿಸಿ ಮಿಲಿಟರಿಗೆ ಕಳಿಸಿದ್ದು ಆ ಟೋಳಿಯಿಂದಲೇ. ಪೇಸ್ಟ್ ಸುಟ್ಟ ಗಾಯವನ್ನು ಅವರಷ್ಟು ನೋಡಿದವರು ನಮ್ಮ ಕಡೆ ಯಾರೂ ಇಲ್ಲ. ಅವರ ಎಡ ಮುಂಗೈ ಮೇಲೆ ಅಂಗೈ ಅಗಲದ ಕಲೆಯೇ ಇದೆ.

ಆ ವರ್ಷ ಆಳು ಕಡಿಮೆ ಬಿದ್ದಿತ್ತು. ಹೊಲಿಗೆ ಮಶೀನು ಬಿಟ್ಟು ನಾನೂ ಒಂದು ವಾರ ಅವರ ಜೊತೆ ಹೋಗಿದ್ದೆ. ಹಾಗಾಗಿ ನನ್ನ ಕೆನ್ನೆ ನೋಡಿದ ಕೂಡಲೇ ಅತ್ತೆ ತೀರ್ಪು ಕೊಟ್ಟರು.

“ಪೇಸ್ಟ್ ಸಿಡದೈತಿ. ಕೈಗವಸ ಹಾಕ್ಕೊಂಡಿದ್ದ ಕೈಲೇನ ಮುಖ ಒರಸ್ಕೊಂಡಿರ್ತಿ. ಹೇಳಿದ ಮಾತ ಕೇಳಾಕಿ ಅಲ್ಲ ನೀ.”

“ಸಿಡದಿದ್ರ ಉರೀಬೇಕಿತ್ತಲ್ರಿ ಅತ್ತಿ.”

“ಒಂದ ಹನಿಗಿ ಏನ ಉರೀತೈತಿ? ಲೋಳಸರ ಹಚ್ಚು. ಹೊಕ್ಕೈತಿ.”

ಹಚ್ಚಿದೆ. ಹೋಗಲಿಲ್ಲ.

ದೀಪಾವಳಿಯ ಹೊತ್ತಿಗೆ ಗುಳ್ಳೆ ಅಡಿಕೆಯಷ್ಟಾಯಿತು. ಆಮೇಲೆ ಅದರ ನೆತ್ತಿಯಲ್ಲಿ ಒಣ ಹಕ್ಕಳೆಯ ಹುರುಪು ಕಟ್ಟಿತು. ಸ್ನಾನ ಮಾಡುವಾಗ ಒಂದು ದಿನ ಹುರುಪು ಕಿತ್ತು ಕೈಗೆ ಬಂತು. ಕನ್ನಡಿ ಮುಂದೆ ಹೋಗಿ ನಿಂತೆ. ಕೆನ್ನೆಯಲ್ಲಿ ಒಂದು ಕುಳಿ. ಸುತ್ತ ಉಬ್ಬಿದ ಅಂಚು, ನಡುವೆ ಕೆಂಪಗೆ ಹಸಿ. ಬೆರಳಿಂದ ಒತ್ತಿದೆ. ಆಗಲೂ ನೋವಿಲ್ಲ. ನನ್ನ ಮುಖದ ಮೇಲೆ ಬೇರೆ ಯಾರದೋ ಗಾಯ ತಂದು ಇಟ್ಟ ಹಾಗಿತ್ತು.

ಅಷ್ಟರಲ್ಲಿ ಬಲ ಮುಂಗೈ ಮೇಲೆ ಇನ್ನೊಂದು ಎದ್ದಿತ್ತು.

ಔಷಧದಂಗಡಿಯವನು ಒಂದು ಟ್ಯೂಬ್ ಕೊಟ್ಟ. ಮೂರು ಬಗೆಯ ಔಷಧ ಒಂದರಲ್ಲೇ ಇದೆ, ಯಾವುದಾದರೂ ಒಂದು ಹಿಡಿಯುತ್ತದೆ ಎಂದ. ಯಾವುದೂ ಹಿಡಿಯಲಿಲ್ಲ. ಊರಿನ ದವಾಖಾನೆಯಲ್ಲಿ ಆಂಟಿಬಯಾಟಿಕ್ ಕೊಟ್ಟರು. ಹೊಟ್ಟೆ ಕೆಟ್ಟಿತೇ ಹೊರತು ಹುಣ್ಣು ಅಲ್ಲಾಡಲಿಲ್ಲ. ಕೊನೆಗೆ ಅತ್ತೆಯೇ ಕರೆದುಕೊಂಡು ತಾಲೂಕಿನ ಒಬ್ಬ ಡಾಕ್ಟರ ಹತ್ತಿರ ಹೋದರು. ಅವರು ಹತ್ತಿಯಿಂದ ಕೆನ್ನೆ ಮುಟ್ಟಿ ಗೊತ್ತಾಗುತ್ತದೆಯೇ ಎಂದು ಕೇಳಿದರು. ಗೊತ್ತಾಗುತ್ತದೆ ಎಂದೆ. ಸೂಜಿಯ ತುದಿ ತಾಗಿಸಿದರು. ಅದೂ ಗೊತ್ತಾಗುತ್ತದೆ ಎಂದೆ. ಅವರು ಸೂಜಿ ಕೆಳಗಿಟ್ಟರು.

“ಇದು ನನಗ ತಿಳೀವಲ್ದು. ಚರ್ಮದ ಟಿಬಿ ಇರಬಹುದು. ಕುಷ್ಠ ಇರಬಹುದು. ಎರಡೂ ಇರಲಿಕ್ಕಿಲ್ಲ. ದೊಡ್ಡ ದವಾಖಾನಿಗಿ ಹೋಗಿ ಸ್ಕಿನ್ ಡಾಕ್ಟರಿಗೆ ತೋರಸ್ರಿ.”

ಅವರು ಹೇಳಿದ್ದು ಇಷ್ಟು. ಪ್ರಾಮಾಣಿಕವಾಗಿ ಹೇಳಿದರು. ಆದರೆ ಅಷ್ಟೂ ಮಾತಿನಲ್ಲಿ ನಾವಿಬ್ಬರೂ ಕೇಳಿಸಿಕೊಂಡದ್ದು ಒಂದೇ ಪದ: ಕುಷ್ಠ.

ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕ ಕೂರಲಿಲ್ಲ. ಮುಂದೆ ಸೀಟು ಸಿಕ್ಕಿತೆಂದು ಮುಂದೆ ಹೋಗಿ ಕೂತರು.

ಆ ಸಂಜೆ ಅವರು ನನ್ನ ಮಗಳು ಶ್ರಾವಣಿಯ ಹಾಸಿಗೆಯನ್ನು ಮಡಚಿ ತಮ್ಮ ಕೋಣೆಗೆ ಒಯ್ದರು. ಅವಳಿಗೆ ನಾಲ್ಕು ವರ್ಷ. ಹುಟ್ಟಿದಂದಿನಿಂದ ನನ್ನ ಎದೆಗೆ ಮುಖ ಒತ್ತಿಕೊಂಡೇ ಮಲಗಿದವಳು. ಗದ್ದಲ ಮಾಡುತ್ತಾಳೆ, ಅತ್ತೆಗೆ ಸುಸ್ತಾಗಿ ತಾವೇ ಬಿಟ್ಟು ಹೋಗುತ್ತಾರೆ ಎಂದುಕೊಂಡೆ. ಅತ್ತೆ ಏನು ಹೇಳಿದರೋ, ಅವಳು ಅಳಲಿಲ್ಲ. ಬಾಗಿಲಲ್ಲಿ ನಿಂತು ನನ್ನ ಕೆನ್ನೆಯನ್ನೇ ನೋಡಿದಳು.

“ಮಮ್ಮಿ, ನಿನ್ನ ಮುಟ್ಟಬಾರ್ದಂತ. ಆಯಿ ಹೇಳ್ಯಾಳ.”

ಮರುದಿನ ಬೆಳಿಗ್ಗೆ ನನ್ನ ತಾಟು, ನನ್ನ ಲೋಟ ಬೇರೆಯಾಗಿದ್ದವು.

ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ನಮ್ಮದು ಬೌದ್ಧ ಮನೆ. ಪಡಸಾಲೆಯಲ್ಲಿ ಬುದ್ಧನ ಫೋಟೋ ಇದೆ. ಅದರ ಕೆಳಗೆ ಕೂತು ಅತ್ತೆ ನಮಗೆ ಎಷ್ಟು ಸಲ ಹೇಳಿಲ್ಲ, ತಾವು ಹುಡುಗಿಯಾಗಿದ್ದಾಗ ಅವ್ವನ ಜೊತೆ ದೊಡ್ಡವರ ತೋಟಕ್ಕೆ ಕೂಲಿಗೆ ಹೋದರೆ ಚಹಾ ಕುಡಿಯಲು ಕಿವಿ ಮುರಿದ ಒಂದು ಕಪ್ಪನ್ನು ಕಿಟಕಿಯ ಮೇಲೆ ಬೇರೆಯಾಗಿ ಇಟ್ಟಿರುತ್ತಿದ್ದರೆಂದು. ತಾವೇ ತೆಗೆದುಕೊಳ್ಳಬೇಕು, ತಾವೇ ತೊಳೆದು ಮತ್ತೆ ಅಲ್ಲೇ ಇಡಬೇಕು. ಮೇಲಿಂದ ಎತ್ತಿ ಹೊಯ್ಯುತ್ತಿದ್ದರು, ಬಿಸಿ ಚಹಾ ಕೈ ಮೇಲೆ ಸಿಡಿಯುತ್ತಿತ್ತು. ಆ ಕಥೆ ಹೇಳುವಾಗ ಅತ್ತೆಯ ಧ್ವನಿ ಬದಲಾಗುತ್ತಿತ್ತು. “ನನ್ನ ಮನ್ಯಾಗ ಯಾರಿಗೂ ಬ್ಯಾರೆ ಕಪ್ಪು ಇಡಂಗಿಲ್ಲ” ಎನ್ನುತ್ತಿದ್ದರು. ಯಾರು ಬಂದರೂ ಒಂದೇ ಸ್ಟೀಲ್ ಲೋಟಗಳು.

ಈಗ ನನ್ನ ಲೋಟ ಅಡುಗೆಮನೆಯ ಕಿಟಕಿಯ ಮೇಲೆ ಇತ್ತು.

ಎಲ್ಲಿ ಇಡುತ್ತಿದ್ದೇನೆ ಎಂಬ ಗ್ಯಾನ ಅವರಿಗೆ ಇರಲಿಲ್ಲ, ನಾನು ಬಲ್ಲೆ. ಅವರು ಕೆಟ್ಟವರಲ್ಲ. ಮೊಮ್ಮಗಳ ಮೇಲಿನ ಭಯ ಅವರ ಕಣ್ಣು ಕಟ್ಟಿತ್ತು. ಆದರೂ ಆವತ್ತು ನನಗೆ ಸಿಟ್ಟು ಬಂತು, ನಾಚಿಕೆ ಬಂತು, ಎರಡೂ ಒಟ್ಟಿಗೆ. ಬಾಯಿ ಜೋರಿನವಳು ಎಂದು ತವರುಮನೆ ಪಾಲಬಾವಿಯಿಂದ ಇಲ್ಲಿಯವರೆಗೂ ಹೆಸರು ಮಾಡಿದವಳು ನಾನು. ಆ ಲೋಟದಲ್ಲಿ ಚಹಾ ಕುಡಿದು, ತೊಳೆದು, ಕಿಟಕಿಯ ಮೇಲೆ ಇಟ್ಟೆ.

ಬಿಕಾನೇರ್ ಕಡೆಯಿರುವ ಗಂಡನಿಗೆ ಫೋನ್ ಮಾಡಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ.

“ನಾ ರಜಾ ಹಾಕಿ ಬರ್ತೀನಿ, ಕೂಡೇ ಹೋಗಿ ತೋರ್ಸೂಣು,” ಎಂದರು. ಆಮೇಲೆ, ಮೆಲ್ಲಗೆ, “ಅಲ್ಲೀತನಕ ಶ್ರಾವಣಿನ್ನ ಅವ್ವನ ಹಂತ್ಯಾಕ ಬಿಡು.”

ಇವರೂ.

ರಜೆ ಸಿಗಲಿಲ್ಲ. ಮುಂದಿನ ವಾರ, ಮುಂದಿನ ವಾರ ಎಂದು ದಿನ ಹೋದವು. ಆಚೆ ಓಣಿಯ ಒಬ್ಬ ಹೆಂಗಸು ಹೊಲಿಯಲು ಕೊಟ್ಟಿದ್ದ ಬ್ಲೌಸ್ ಬಟ್ಟೆಯನ್ನು ಕತ್ತರಿಸುವ ಮೊದಲೇ ವಾಪಸು ಕೇಳಿ ಒಯ್ದಳು. ಮದುವೆ ಮುಂದೆ ಹೋಯಿತು ಎಂದಳು. ಹೋಗಿರಲಿಲ್ಲ. ಆ ಮದುವೆಯ ಊಟದ ವಾಸನೆ ನಮ್ಮ ಮನೆತನಕ ಬಂತು. ಅದಕ್ಕೆಲ್ಲ ನಾನು ಸೋಲಲಿಲ್ಲ. ಸೋತದ್ದು ಬೆಳಿಗ್ಗೆಯ ಹೊತ್ತಿನಲ್ಲಿ. ಶ್ರಾವಣಿಯ ತಲೆ ಬಾಚುವುದು, ಎರಡು ಜುಟ್ಟು ಹಾಕುವುದು, ಚಳಿಗೆ ಕಿವಿ ಮುಚ್ಚಿ ಸ್ಕಾರ್ಫ್ ಕಟ್ಟಿ ಅಂಗನವಾಡಿಗೆ ಕಳಿಸುವುದು ಎಲ್ಲ ಈಗ ಅತ್ತೆಯದು. ನಾನು ಬಾಗಿಲಾಚೆ ನಿಂತು ನೋಡುತ್ತಿದ್ದೆ. ಬೈತಲೆ ಸೊಟ್ಟ ತೆಗೆಯುತ್ತಿದ್ದರು. ಹೇಳಬೇಕೆನಿಸುತ್ತಿತ್ತು. ಆ ಚಿಕ್ಕ ತಲೆಯನ್ನು ಮತ್ತೆ ನನ್ನ ಮಡಿಲಿಗೆ ಎಳೆದುಕೊಳ್ಳುವ ದಿನ ಬರುತ್ತದೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆಯಾಗಿತ್ತು. ಕೆನ್ನೆ ಹೋದರೆ ಹೋಗಲಿ.

ಸಂಕ್ರಾಂತಿ ಹತ್ತಿರ ಬಂದಾಗ ಅತ್ತೆಗೇ ಕಾದು ಸಾಕಾಯಿತು. “ಅಂವನ ರಜಾ ಕಾಯ್ಕೋತ ಕುಂತ್ರ ಮುಖಾನ ಉಳಿಯಂಗಿಲ್ಲ. ನಡಿ ಮಿರಜಕ್ಕ,” ಎಂದರು. ನಮ್ಮ ಕಡೆ ರೋಗ ದೊಡ್ಡದಾದರೆ ಮಿರಜ. ಗಡಿ ದಾಟಿದರೆ ಆಯಿತು. ಮನೆಯಲ್ಲಿ ಬಿಡಲು ಯಾರೂ ಇಲ್ಲವೆಂದು ಶ್ರಾವಣಿಯನ್ನೂ ಕರೆದುಕೊಂಡೆವು. ಚಳಿಗೆ ಅವಳಿಗೆ ತಲೆ ತುಂಬ ಸ್ಕಾರ್ಫ್ ಬಿಗಿದಿದ್ದರು. ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ನಾನು ಈ ಬೆಂಚಿನಲ್ಲಿ, ಅವರಿಬ್ಬರೂ ಆಚೆ ತುದಿಯ ಬೆಂಚಿನಲ್ಲಿ.

ಡಾಕ್ಟರು ನನಗಿಂತ ಸಣ್ಣ ವಯಸ್ಸಿನವರು. ಮರಾಠಿಯಲ್ಲೇ ಮಾತಾಡಿದರು, ನನಗೂ ಅದು ಬರುತ್ತದೆ. ಹುಣ್ಣನ್ನು ಮೊದಲು ದೂರದಿಂದ ನೋಡಿದರು, ಆಮೇಲೆ ಕೈಗವಸು ಹಾಕಿಕೊಂಡು ಅಂಚನ್ನು ಒತ್ತಿ ನೋಡಿದರು. ನೋವಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಜ್ವರ ಬಂದಿತ್ತೇ? ಇಲ್ಲ. ಹೊಟ್ಟೆಯ ಎಡಗಡೆ ಒತ್ತಿ ನೋಡಿದರು. ನಾನು ರೂಢಿಯಂತೆ ಪೇಸ್ಟಿನ ಕಥೆ ಶುರು ಮಾಡಿದೆ. ಅಲ್ಲಿಯವರೆಗೆ ನನ್ನನ್ನು ನೋಡಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಏನು ತಗುಲಿತು, ಏನು ಹಚ್ಚಿದೆ?

ಇವರು ಕೇಳಿದ್ದು ಬೇರೆ.

“ಹೋದ ವರ್ಷ ಎಲ್ಲೆಲ್ಲಿ ಇದ್ದಿರಿ?”

“ಇಲ್ಲೇ. ಊರಲ್ಲೇ.”

“ಇಡೀ ವರ್ಷ?”

ಆಗ ನೆನಪಾಗಿ ಹೇಳಿದೆ. ಬೇಸಿಗೆಯಲ್ಲಿ ನಾನು, ಶ್ರಾವಣಿ ರಾಜಸ್ಥಾನಕ್ಕೆ ಹೋಗಿದ್ದೆವು, ಗಂಡನ ಹತ್ತಿರ. ಗಣಪತಿ ಹಬ್ಬದ ಹೊತ್ತಿಗೆ ವಾಪಸು ಬಂದಿದ್ದೆವು.

ಡಾಕ್ಟರ ಪೆನ್ನು ನಿಂತಿತು.

“ರಾಜಸ್ಥಾನದಲ್ಲಿ ಎಲ್ಲಿ?”

“ಬಿಕಾನೇರ್ ಕಡೆ.”

“ರಾತ್ರಿ ಎಲ್ಲಿ ಮಲಗುತ್ತಿದ್ದಿರಿ?”

ಗುರುತಿಲ್ಲದ ಒಬ್ಬರು ಹಾಗೆ ಕೇಳಿದಾಗ ನನಗೆ ನಾಚಿಕೆಯಾಯಿತು. ಮದುವೆಯಾದ ಮೇಲೆ ಗಂಡನ ಜೊತೆ ನಮ್ಮದೇ ಎಂದು ಒಂದು ಮನೆ ಮಾಡಿದ್ದು ಆ ಕೆಲವು ತಿಂಗಳು ಮಾತ್ರ. ಕ್ವಾರ್ಟರ್ಸ್ ಸಿಕ್ಕಿರಲಿಲ್ಲ. ಊರ ಅಂಚಿನಲ್ಲಿ ಒಂದು ಕೋಣೆ, ಮುಂದೆ ಅಂಗಳ, ಸುತ್ತ ಬಿರುಕು ಬಿಟ್ಟ ಮಣ್ಣಿನ ಗೋಡೆ, ಆಚೆ ಮನೆಯೊಡತಿಯ ಆಕಳು. ಒಳಗೆ ಉಸಿರಾಡಲು ಆಗದಷ್ಟು ಸೆಕೆ. ಅಂಗಳದಲ್ಲಿ ಹಗ್ಗದ ಮಂಚ ಹಾಕಿಕೊಂಡು ಮಲಗುತ್ತಿದ್ದೆವು. ಒಂದು ಮಂಚದ ಮೇಲೆ ಇವರು, ಇನ್ನೊಂದರಲ್ಲಿ ನಾನು ಮಗಳು. ನನ್ನ ಬದುಕಿನ ಅತ್ಯಂತ ಸುಖದ ದಿನಗಳು ಯಾವುವು ಎಂದು ಯಾರಾದರೂ ಕೇಳಿದರೆ ಅವನ್ನೇ ಹೇಳುತ್ತಿದ್ದೆ. ಈಗಲೂ ಅವನ್ನೇ ಹೇಳುತ್ತೇನೆ.

ಇಷ್ಟೆಲ್ಲ ಅವರಿಗೆ ಹೇಳಲಿಲ್ಲ. “ಹೊರಗೆ, ಅಂಗಳದಲ್ಲಿ,” ಎಂದೆ.

“ಅಲ್ಲಿಯ ಜನರ ಮುಖದಲ್ಲಿ ಇಂಥ ಗುರುತು ನೋಡಿದ್ದಿರಾ?”

ನೋಡಿದ್ದೆ.

ಮನೆಯೊಡತಿ ಚಾಚಿಯ ಕೆನ್ನೆಯಲ್ಲಿ ಒಂದು ದುಂಡನೆಯ ಗುಳಿ ಇತ್ತು, ರೂಪಾಯಿ ನಾಣ್ಯದಷ್ಟು. ಏನದು ಎಂದು ಒಮ್ಮೆ ಕೇಳಿದಾಗ “ಬಚಪನ್ ಕಾ ಫೋಡಾ” ಎಂದು ನಕ್ಕು ರೊಟ್ಟಿ ಬಡಿಯುವುದನ್ನು ಮುಂದುವರಿಸಿದ್ದಳು. ಚಿಕ್ಕಂದಿನ ಕುರು. ಎಷ್ಟು ಚಂದದ ಮುಖಕ್ಕೆ ಎಂಥ ಕಲೆ ಎಂದು ನಾನು ಮನಸ್ಸಿನಲ್ಲೇ ಮರುಗಿದ್ದೆ. ಅಂಥದೇ ಕಲೆಯ ಮೊದಲ ಹೆಜ್ಜೆ ಆಗಲೇ ನನ್ನ ಚರ್ಮದೊಳಗೆ ಇಳಿದಿತ್ತೋ ಏನೋ.

ಡಾಕ್ಟರು ಹುಣ್ಣಿನ ಅಂಚನ್ನು ಎರಡು ಬೆರಳಿನ ನಡುವೆ ರಕ್ತ ಇಳಿದು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದರು. ಬ್ಲೇಡಿನಿಂದ ಸಣ್ಣದೊಂದು ಗೀರು ಹಾಕಿ, ಅದೇ ಬ್ಲೇಡಿನ ತುದಿಯಿಂದ ಒಳಗನ್ನು ಕೆರೆದು ಗಾಜಿನ ಸ್ಲೈಡಿಗೆ ಒರೆಸಿದರು. ಇಷ್ಟು ದಿನ ನೋಯದ ಕೆನ್ನೆ ಆಗ ನೊಂದಿತು. “ಗಾಭರೂ ನಕಾ,” ಎಂದರು, ಗಾಬರಿ ಆಗಬೇಡಿ ಎಂದು. ಒಂದು ಸ್ಲೈಡ್ ಕುಷ್ಠದ ಪರೀಕ್ಷೆಗೆ, ಇನ್ನೊಂದು ಬೇರೆ ಬಣ್ಣ ಹಾಕಿ ನೋಡುವುದಕ್ಕೆ. ಮುಂಗೈಯಿಂದ ಒಂದು ಚೂರು ಬಯಾಪ್ಸಿಗೂ ತೆಗೆದರು.

ಮಧ್ಯಾಹ್ನದವರೆಗೆ ಕಾದೆವು. ಆಚೆ ಬೆಂಚಿನಲ್ಲಿ ಶ್ರಾವಣಿ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋದಳು. ನನ್ನ ತಲೆಯಲ್ಲಿ ಒಂದೇ ಪದ ಸುತ್ತುತ್ತಿತ್ತು.

ಕರೆದಾಗ ಒಳಗೆ ಮೈಕ್ರೋಸ್ಕೋಪಿನ ಸುತ್ತ ಜನ. ಹಿರಿಯ ಡಾಕ್ಟರು ಬಂದಿದ್ದರು, ಓದುವ ಹುಡುಗ ಹುಡುಗಿಯರು ಸರದಿಯಲ್ಲಿ ನಿಂತು ಬಗ್ಗಿ ನೋಡುತ್ತಿದ್ದರು. ಬಗ್ಗಿ ನೋಡಿದವರೆಲ್ಲ ಆಮೇಲೆ ತಿರುಗಿ ನನ್ನ ಕೆನ್ನೆ ನೋಡುತ್ತಿದ್ದರು. ಅಷ್ಟು ಜನ ಒಟ್ಟಿಗೆ ನನ್ನ ಮುಖ ನೋಡಿದ್ದು ನನ್ನ ಮದುವೆಯ ದಿನ ಬಿಟ್ಟರೆ ಅಂದೇ.

“ಕುಷ್ಠ ಅಲ್ಲ,” ಎಂದರು ಡಾಕ್ಟರು. “ಇದು ಲೀಶ್ಮನಿಯಾಸಿಸ್.”

ಆ ಹೆಸರು ನನ್ನ ಬಾಯಲ್ಲಿ ತಿರುಗಲು ಬಹಳ ದಿನ ಬೇಕಾಯಿತು. ಅವರು ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ನೇರಳೆ ಬಣ್ಣದ ದೊಡ್ಡ ಕಣದೊಳಗೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಎಲ್.ಡಿ. ಬಾಡಿ ಎಂದರು. ಪರೋಪಜೀವಿ. ಮರಳುನೊಣ ಎಂಬ ಒಂದು ಕೀಟ ಇದೆ, ಸೊಳ್ಳೆಗಿಂತ ಬಹಳ ಸಣ್ಣದು, ಹಾರುವಾಗ ಸದ್ದು ಮಾಡುವುದಿಲ್ಲ. ಮಣ್ಣಿನ ಗೋಡೆಯ ಬಿರುಕಿನಲ್ಲಿ, ಇಲಿಯ ಬಿಲದಲ್ಲಿ ಇರುತ್ತದೆ. ಕತ್ತಲಾದ ಮೇಲೆ ಬಟ್ಟೆ ಇಲ್ಲದ ಕಡೆ ಕಚ್ಚುತ್ತದೆ. ಕಚ್ಚಿ ವಾರಗಳೋ ತಿಂಗಳುಗಳೋ ಆದ ಮೇಲೆ ಗುಳ್ಳೆ ಏಳುತ್ತದೆ. ಅಷ್ಟರಲ್ಲಿ ಕಚ್ಚಿಸಿಕೊಂಡವರು ಊರು ಬಿಟ್ಟು ಬಂದಿರುತ್ತಾರೆ. ಬಿಕಾನೇರ್ ಕಡೆ ಇದು ಹಳೆಯ ಕಾಯಿಲೆ, ಇಲ್ಲಿ ನಾವು ನೋಡುವುದು ಅಪರೂಪ ಎಂದರು.

ನಾನು ಕೇಳಿದ್ದು ಒಂದೇ ಮಾತು. “ಮಗಳಿಗೆ ನನ್ನಿಂದ ಬರುತ್ತದೆಯೇ?”

“ಇಲ್ಲ. ಮುಟ್ಟಿದರೆ ಬರುವುದಿಲ್ಲ. ಒಂದೇ ತಾಟಿನಲ್ಲಿ ಉಂಡರೂ, ಪಕ್ಕದಲ್ಲಿ ಮಲಗಿದರೂ ಬರುವುದಿಲ್ಲ.” ನನ್ನ ಮುಖ ನೋಡಿ ಅವರಿಗೆ ಏನೋ ತಿಳಿದಿರಬೇಕು. “ಯಾರಾದರೂ ತಾಟು ಬೇರೆ ಮಾಡಿದ್ದಾರೆಯೇ? ಕುಷ್ಠವೇ ಆಗಿದ್ದರೂ ಬೇರೆ ಮಾಡಬೇಕಾಗಿರಲಿಲ್ಲ. ಅದಕ್ಕೂ ಮಾತ್ರೆ ಇದೆ, ವಾಸಿಯಾಗುತ್ತದೆ.”

ನಾನು ಅತ್ತೆಯ ಕಡೆ ನೋಡಲಿಲ್ಲ. ಅವರು ಆಗಲೇ ಬಾಗಿಲಿಗೆ ಬಂದು ನಿಂತಿದ್ದರು. ಕೇಳಿಸಿಕೊಂಡಿದ್ದರು.

ಕಣ್ಣಲ್ಲಿ ನೀರು ಬಂತು. ಸುಖದಿಂದ. ಈಗ ಹೋಗಿ ಅವಳನ್ನು ಎತ್ತಿಕೊಳ್ಳಬಹುದು ಎಂದು ಏಳುವಷ್ಟರಲ್ಲಿ ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದರು.

“ಮಗಳೂ ನಿಮ್ಮ ಜೊತೆ ಅಲ್ಲಿ ಇದ್ದಳು ಅಂದಿರಲ್ಲ? ಎಲ್ಲಿ, ಅವಳನ್ನು ನೋಡೋಣ.”

ಕುರ್ಚಿಯ ಮೇಲೆ ಕೂರಿಸಿದರು. ಕೈ ನೋಡಿದರು, ಕಾಲು ನೋಡಿದರು, ಮುಖ ನೋಡಿದರು. ಏನೂ ಇರಲಿಲ್ಲ. ಆಮೇಲೆ ಸ್ಕಾರ್ಫ್ ಬಿಚ್ಚಿದರು.

ಎಡಗಿವಿಯ ಹಾಲೆ ಬಾತಿತ್ತು.

ಕೆಂಪಗೆ, ಗಟ್ಟಿಯಾಗಿ, ಮೇಲೆ ಹುರುಪು. ಕಿವಿಯ ತೂತಿನಲ್ಲಿ ಬೇವಿನ ಕಡ್ಡಿ ಸಿಕ್ಕಿಸಿದ್ದರು. ನಾನು ಮೊದಲ ಸಲ ನೋಡುತ್ತಿದ್ದೆ. ಅವಳ ತಾಯಿ, ಮೊದಲ ಸಲ.

ಅತ್ತೆಯ ಧ್ವನಿ ಹಿಂದಿನಿಂದ ಬಂತು. “ಅದು ಝುಮಕಿದು ರೀ. ದಸರೇಕ ಸಂತ್ಯಾಗ ತಗೊಂಡಿದ್ನಿ. ಖೋಟಾ ಬಂಗಾರ ಕಿವಿಗಿ ಆಗಿಲ್ಲ ಅಂತ ತಗದು ಕಡ್ಡಿ ಹಾಕೇನಿ. ಅರಿಷಿಣ ಹಚ್ಚಾಕತ್ತೇನಿ. ಝುಮಕಿದು ಅದು.”

ಡಾಕ್ಟರು ಎರಡು ಬೆರಳಿನಿಂದ ಹಾಲೆಯ ಅಂಚನ್ನು ಒತ್ತಿದರು. ಶ್ರಾವಣಿ ಅಳಲಿಲ್ಲ. ಅವಳಿಗೂ ನೋವಿರಲಿಲ್ಲ.

ಆಗ ನನಗೆ ಆ ಮಂಚ ಕಣ್ಣಿಗೆ ಕಟ್ಟಿತು. ನಾನು ಎಡಮಗ್ಗುಲಾಗಿ ಅವಳ ಕಡೆ ತಿರುಗಿ ಮಲಗುತ್ತಿದ್ದೆ. ನನ್ನ ಬಲಗೆನ್ನೆ ಮೇಲೆ, ಬಲಗೈ ಅವಳ ಮೇಲೆ. ಅವಳು ನನ್ನ ಕಡೆ ತಿರುಗಿ ಮಲಗುತ್ತಿದ್ದಳು. ಅವಳ ಎಡಗಿವಿ ಮೇಲೆ. ಒಂದೇ ನೊಣವೋ, ಬೇರೆ ಬೇರೆಯೋ, ನಮ್ಮನ್ನು ಕಚ್ಚಿದ್ದು ನಾವು ಒಬ್ಬರಿಗೊಬ್ಬರು ಮುಖ ಮಾಡಿ ಮಲಗಿದ್ದಾಗ. ನನ್ನಿಂದ ರೋಗ ಅವಳಿಗೆ ಬರಬಾರದೆಂದು ಅವಳನ್ನು ದೂರ ಇಟ್ಟ ಅಷ್ಟೂ ದಿನ ಅದು ಅವಳ ಕಿವಿಯಲ್ಲಿ ಬೆಳೆಯುತ್ತಿತ್ತು. ತಲೆ ಬಾಚುವ ಕೈ ನನ್ನದಾಗಿದ್ದರೆ, ಎರಡೂ ಗುಳ್ಳೆ ಒಂದೇ ತೆರನಾಗಿವೆ ಎಂದು ನನಗೆ ಹೊಳೆಯುತ್ತಿತ್ತೋ ಇಲ್ಲವೋ. ಆದರೆ ನೋಡುತ್ತಿದ್ದೆ. ನೋಡುವುದಂತೂ ನೋಡುತ್ತಿದ್ದೆ.

ಕಿವಿಯಿಂದಲೂ ಕೆರೆದು ಸ್ಲೈಡ್ ಮಾಡಿದರು. ಆ ಬ್ಲೇಡಿಗೆ ಮಾತ್ರ ಅವಳು ಕಿರುಚಿದಳು. ಸಂಜೆಗೆ ಉತ್ತರ ಬಂತು. ಅದೇ ಚುಕ್ಕೆಗಳು.

ವರಾಂಡದಲ್ಲಿ ಬಂದು ಗೋಡೆಗೆ ಒರಗಿ ನೆಲದ ಮೇಲೇ ಕೂತೆ. ಅತ್ತೆ ಎದುರಿನ ಬೆಂಚಿನಲ್ಲಿ ಕೈ ಕಟ್ಟಿ ಕೂತಿದ್ದರು. ನಡುವೆ ಶ್ರಾವಣಿ, ಕಿವಿಗೆ ಬಿಳಿ ಪಟ್ಟಿ. ಅವಳು ನನ್ನ ಹತ್ತಿರ ಬಂದಳು. ಒಂದು ಮಾರು ದೂರದಲ್ಲಿ, ಇಷ್ಟು ದಿನದ ರೂಢಿಯಂತೆ, ನಿಂತಳು.

“ಮಮ್ಮಿ, ನಿನಗ ಬಂದದ್ದ ನನಗೂ ಬಂದೈತಿ?”

“ಹೂಂ, ಬಂದೈತಿ.”

ಅವಳ ಮುಖ ಅರಳಿತು. ನಾನು ಸುಳ್ಳು ಬರೆಯುತ್ತಿಲ್ಲ. ಹಬ್ಬಕ್ಕೆ ಹೊಸ ಅಂಗಿ ತಂದಾಗ ಅರಳುವ ಹಾಗೆ ಅರಳಿತು.

“ಹಂಗಾರ ಇವತ್ತ ನಾ ನಿನ್ನ ಬಾಜೂಕ ಮಲಗ್ಲಿ?”

ಎಳೆದು ಮಡಿಲಿಗೆ ಹಾಕಿಕೊಂಡೆ. ನನ್ನ ಬಾಯಿಂದ ಎಂಥ ಸದ್ದು ಬಂತೋ ಗೊತ್ತಿಲ್ಲ, ಹೋಗಿಬರುವವರು ನಿಂತು ನೋಡಿದರು. ಅತ್ತೆ ಸೆರಗಿನಿಂದ ಮುಖ ಪೂರ್ತಿ ಮುಚ್ಚಿಕೊಂಡರು. ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತು ಬಂದೆವು. ಕಾಗವಾಡ ಬರುವವರೆಗೂ ಅವರು ಒಂದೇ ಮಾತು ಆಡಿದ್ದು.

“ನನ್ನ ಕಪ್ಪೂ ಕಿಡಕಿ ಮ್ಯಾಲ ಇಡತಿದ್ರು.”

“ಗೊತ್ತೈತ್ರಿ ಅತ್ತಿ,” ಎಂದೆ.

ಗಂಡನಿಗೆ ಫೋನ್ ಮಾಡಿ ಹೇಳಿದ ಮೇಲೆ ಅವರು ತಮ್ಮ ಯುನಿಟ್ಟಿನ ಡಾಕ್ಟರಿಗೆ ನನ್ನ ಕೆನ್ನೆಯ ಫೋಟೋ ತೋರಿಸಿದರು. ಆ ಡಾಕ್ಟರು ನೋಡಿದ ತಕ್ಷಣ ಅದೇ ರೋಗದ ಹೆಸರು ಹೇಳಿದರಂತೆ. “ಇಲ್ಲಿ ಇದು ಎಲ್ಲಾರಿಗೂ ಗೊತ್ತೈತಿ. ನಾ ಮೊದಲ ತೋರಸ್ಬೇಕಿತ್ತು,” ಎಂದರು ಇವರು. ಅಲ್ಲಿ ಮುದುಕಿಯರೂ ಗುರುತಿಸುವ ಹುಣ್ಣು, ಇಲ್ಲಿ ಎಷ್ಟು ಜನರಿಗೆ ತೋರಿಸಿದರೂ ಹೆಸರಿಲ್ಲದೆ ಅಲೆಯಿತು. ಇವರ ಮೈಮೇಲೆ ಮಾತ್ರ ಏನೂ ಎದ್ದಿರಲಿಲ್ಲ. ತಲೆತನಕ ಚಾದರ ಹೊದ್ದು ಮಲಗುವ ಚಾಳಿಗೆ ನಾನು ಎಷ್ಟು ನಕ್ಕಿದ್ದೆ.

ಔಷಧ ಬೇರೆ ಊರಿನಿಂದ ತರಿಸಬೇಕಾಯಿತು. ಬಂದ ಮೇಲೆ ಹುಣ್ಣಿನ ಅಂಚಿನ ಸುತ್ತ ಸೂಜಿ ಚುಚ್ಚಿ ಒಳಗೇ ತುಂಬಿದರು. ನೋಯದ ಹುಣ್ಣು ಅಷ್ಟು ದಿನದ ಬಾಕಿಯನ್ನೆಲ್ಲ ಒಂದೇ ಸಲ ತೀರಿಸಿಕೊಂಡಿತು. ಶ್ರಾವಣಿಯ ಕಿವಿಗೆ ವಿಪರೀತ ತಣ್ಣನೆಯ ಒಂದು ಹೊಗೆಯಂಥದ್ದನ್ನು ಬಿಟ್ಟು ಆ ಗಡ್ಡೆಯನ್ನು ಹೆಪ್ಪುಗಟ್ಟಿಸಿದರು. ನಾನು ಅವಳನ್ನು ಹಿಡಿದುಕೊಂಡಿರುತ್ತಿದ್ದೆ, ಅತ್ತೆ ನನ್ನನ್ನು. ಮಿರಜಕ್ಕೆ ಎಷ್ಟು ಸಲ ಹೋಗಿಬಂದೆವೋ ಲೆಕ್ಕ ಇಟ್ಟಿಲ್ಲ. ಮೊದಲು ಹಸಿ ಆರಿತು. ಆಮೇಲೆ ಉಬ್ಬಿದ ಅಂಚು ಇಳಿಯಿತು. ದ್ರಾಕ್ಷಿ ಕಟಾವು ಮುಗಿದು ಹಣ್ಣನ್ನು ಒಣಗಿಸಿ ಮಣೂಕ ಮಾಡುವ ಹೊತ್ತಿಗೆ ಕೆನ್ನೆಯ ಮೇಲೆ ಹೊಸ ಚರ್ಮ ಬಂದಿತ್ತು, ಗುಲಾಬಿ ಬಣ್ಣದ್ದು, ಒಂದಿಷ್ಟು ತಗ್ಗಾಗಿ. ಗುರುತು ಉಳಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮತ್ತೆ ಏಳಬಹುದೇ ಎಂದು ಕೇಳಿದ್ದಕ್ಕೆ, ಹೆಚ್ಚಾಗಿ ಇಲ್ಲ, ಆದರೂ ಕಣ್ಣಿಟ್ಟಿರಿ ಎಂದರು. ಕಣ್ಣಿಟ್ಟಿದ್ದೇನೆ. ದಿನಾ ಬೆಳಿಗ್ಗೆ ಅವಳ ತಲೆ ಬಾಚುವ ನೆಪದಲ್ಲಿ ಕಿವಿ, ಕುತ್ತಿಗೆ, ಬೆನ್ನು ಎಲ್ಲ ನೋಡುತ್ತೇನೆ. ಬೈತಲೆ ನೇರ ತೆಗೆಯುತ್ತೇನೆ.

ಬೇಸಿಗೆ ಮತ್ತೆ ಬಂದಿದೆ. ಇವರು ಬಿಕಾನೇರಿಗೆ ಕರೆಯುತ್ತಿದ್ದಾರೆ. ಅತ್ತೆ ಬೇಡ ಎನ್ನಬಹುದೆಂದು ನಾನು ಕೇಳಿಯೇ ಇರಲಿಲ್ಲ. ಅವರಾಗಿಯೇ ಸಂತೆಯಿಂದ ಒಂದು ಸೊಳ್ಳೆಪರದೆ ತಂದು ನನ್ನ ಮುಂದೆ ಹಾಕಿದರು. ಬೆಳಕಿಗೆ ಹಿಡಿದು ತೋರಿಸಿದರು. “ಸಣ್ಣ ಕಣ್ಣಿಂದು ನೋಡಿ ತಂದೇನಿ. ಹೊತ್ತ ಮುಳಗೂದ್ರಾಗ ಒಳಗ ಹೊಕ್ಕೋರಿ. ಹೋಗಿ ಬರ್ರಿ.”

ಎಲ್ಲ ಸರಿಹೋಯಿತು ಎಂದು ಇಲ್ಲಿಗೆ ಮುಗಿಸುವವಳಿದ್ದೆ. ಮೊನ್ನೆ ಒಂದು ಸಣ್ಣ ಘಟನೆ ನಡೆಯಿತು.

ಶ್ರಾವಣಿ ಪಕ್ಕದ ಮನೆಯ ಹುಡುಗಿಯ ಜೊತೆ ಅಂಗಳದಲ್ಲಿ ಅಡುಗೆ ಆಟ ಆಡುತ್ತಿದ್ದಳು. ಬಾಟಲಿಯ ಮುಚ್ಚಳಗಳೇ ಲೋಟ. ಎಲ್ಲರಿಗೂ ಚಹಾ ಹಾಕಿದಳು. ಆಮೇಲೆ ಒಂದು ಮುಚ್ಚಳವನ್ನು ಎತ್ತಿ, ತುದಿಗಾಲಿನ ಮೇಲೆ ನಿಂತು, ಕಿಟಕಿಯ ಮೇಲೆ ಬೇರೆಯಾಗಿ ಇಟ್ಟಳು.

“ಇದು ಮಮ್ಮಿದು. ಇದನ್ನ ಯಾರೂ ಮುಟ್ಟಬಾರ್ದು.”

ಬ್ಲೌಸ್ ಹೊಲಿಯುತ್ತಿದ್ದವಳ ಕಾಲು ಮಶೀನಿನ ಮೇಲೆ ನಿಂತುಬಿಟ್ಟಿತು. ಕಟ್ಟೆಯ ಮೇಲೆ ಕೂತು ಟೋಳಿಯ ಹೆಂಗಸೊಬ್ಬಳೊಡನೆ ಫೋನಿನಲ್ಲಿ ಮಾತಾಡುತ್ತಿದ್ದ ಅತ್ತೆಯೂ ಮಾತು ನಿಲ್ಲಿಸಿದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅತ್ತೆ ಫೋನ್ ಇಟ್ಟರು. ಮೊಣಕಾಲು ಹಿಡಿದುಕೊಂಡು ನಿಧಾನ ಇಳಿದು ಬಂದು ಮಕ್ಕಳ ಜೊತೆ ಮಣ್ಣಿನಲ್ಲಿ ಕೂತರು.

“ನನಗೂ ಚಾ ಹಾಕಬೇ.”

ಶ್ರಾವಣಿ ಅವರ ಮುಂದೆ ಒಂದು ಮುಚ್ಚಳ ಇಟ್ಟಳು.

“ಇದರಾಗ ಬ್ಯಾಡ. ಕಿಡಕಿ ಮ್ಯಾಲಿಂದು ಕೊಡು.”

“ಅದು ಮಮ್ಮಿದು, ಆಯಿ.”

“ಮಮ್ಮಿದು ಅಂತನ ಕೇಳಾಕತ್ತೇನಿ.”

ಮಗು ಸ್ವಲ್ಪ ಯೋಚಿಸಿತು. ಹೋಗಿ ತಂದು ಕೊಟ್ಟಿತು. ಅತ್ತೆ ಆ ಖಾಲಿ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು, ತುಟಿಗೆ ಹಚ್ಚಿ, ಸೊರ್ರನೆ ಸದ್ದು ಮಾಡಿ ಕುಡಿದರು. ಕುಡಿದು ಮತ್ತೆ ಮುಂದೆ ಚಾಚಿದರು, ಇನ್ನೊಂದಿಷ್ಟು ಹಾಕು ಎಂದು.